ನೀಕಾ ಮುಳುಗಲೇ ಇಲ್ಲ

“ಹೋಯ್ತು. ತಿಂದೇಬಿಡ್ತು,” ಎಂದು ವಾಲ್ದೆಸಿ ಅಂಕಲ್ ಕೀಬೋರ್ಡಿನಿಂದ ಕೈ ಎತ್ತಿದರು.

ಟಿವಿ ಪರದೆಯ ಮೇಲೆ ಜಾಗ್ವಾರ್ ಬಾಯಿ ನೆಕ್ಕಿಕೊಳ್ಳುತ್ತಿತ್ತು. ನೀಕಾ ಎಂಬ ಕ್ಯಾಪಿಬಾರಾ ಇದ್ದ ಜಾಗದಲ್ಲಿ ಈಗ ಬರೀ ಹುಲ್ಲು.

“ಒಂದು ನಿಮಿಷಾನೂ ಆಗ್ಲಿಲ್ಲ,” ಎಂದು ತಾತ ನಕ್ಕರು. “ಊರೆಲ್ಲಾ ಬಸ್ ಓಡಿಸ್ತೀಯ, ಒಂದು ಇಲಿ ಜಾತಿ ಪ್ರಾಣೀನ ಓಡಿಸೋಕೆ ಬರಲ್ಲ ನಿಂಗೆ.”

“ಬಸ್ಸಿಗೆ ಜಾಗ್ವಾರ್ ಅಡ್ಡ ಬರಲ್ಲ ಯಜಮಾನ್ರೇ.”

ಜುಲೈಡಿ ಆಂಟಿ ನಗಲಿಲ್ಲ. ಕನ್ನಡಕವನ್ನು ಮೂಗಿನ ತುದಿಗೆ ಜಾರಿಸಿ, ಕೈಯಲ್ಲಿದ್ದ ಪಟ್ಟಿ ನೋಡಿದರು. “ಚಿತ್ರ ಬಂತು, ಸೌಂಡ್ ಬಂತು, ಕೀ ಎಲ್ಲ ಸರಿ. ‘ನೀಕಾಳ ನದಿ’, ನಲವತ್ತೊಂದನೇ ಆಟ. ಓಕೆ.” ಕೆಂಪು ಪೆನ್ನಿನಿಂದ ರೈಟ್ ಮಾರ್ಕು ಹಾಕಿದರು. ಅದು ಪಟ್ಟಿಯ ಕೊನೆಯ ಹೆಸರು.

ತೈನಾ ಸ್ಟೂಲಿನ ಮೇಲೆ ಕೂತು ಎಲ್ಲವನ್ನೂ ನೋಡುತ್ತಿದ್ದಳು. ಅವಳಿಗೆ ಹತ್ತು ವರ್ಷ. ಶನಿವಾರ ಬಂತೆಂದರೆ ಬೌರು ಊರಿನ ಈ ಹಿತ್ತಿಲ ಕೋಣೆಯಲ್ಲಿ ತಾತನ ಗೆಳೆಯರು ಸೇರುತ್ತಿದ್ದರು. ಅಮ್ಮನಿಗೆ ಆಸ್ಪತ್ರೆಯಲ್ಲಿ ಡ್ಯೂಟಿ ಇರುತ್ತಿದ್ದದ್ದರಿಂದ ತೈನಾ ಕೂಡ ಅಲ್ಲೇ.

ಸೇರುತ್ತಿದ್ದದ್ದು ಸಾಬಿಯಾಗಾಗಿ. ಸಾಬಿಯಾ ಎಂದರೆ ತಾತನ ಹಳೆಯ ಕಂಪ್ಯೂಟರ್. ಇಡೀ ಕಂಪ್ಯೂಟರು ದಪ್ಪ ಕೀಬೋರ್ಡಿನ ಒಳಗೇ ಇತ್ತು. ಅದನ್ನು ಟಿವಿಗೆ ಸಿಕ್ಕಿಸಬೇಕು. ಮೂಲೆಯಲ್ಲಿ ಕಿತ್ತಳೆ ಹೊಟ್ಟೆಯ ಸಾಬಿಯಾ ಹಕ್ಕಿಯ ಚಿತ್ರ. ಅದನ್ನು ಮಾಡುತ್ತಿದ್ದ ಕಾರ್ಖಾನೆ ಅಮ್ಮ ಚಿಕ್ಕವಳಿದ್ದಾಗಲೇ ಮುಚ್ಚಿಹೋಗಿತ್ತು. ಒಂದೊಂದಾಗಿ ಸಾಬಿಯಾಗಳು ಕೆಡುತ್ತಾ ಬಂದವು. ಒಳಗಿನ ಭಾಗಗಳು ಈಗ ಎಲ್ಲೂ ಸಿಗುವುದಿಲ್ಲ.

ಹಾಗಾಗಿ ಜುಲೈಡಿ ಆಂಟಿ ಹೊಸ ಸಾಬಿಯಾ ಮಾಡಲು ಹೊರಟರು. ಹತ್ತೊಂಬತ್ತನೇ ವಯಸ್ಸಿನಲ್ಲಿ ಅವರು ಅದೇ ಕಾರ್ಖಾನೆಯಲ್ಲಿ ಸಾಲಾಗಿ ಕೂತು ಬೆಸುಗೆ ಹಾಕಿದವರು. ಆಮೇಲೆ ಓದಿ ಎಂಜಿನಿಯರ್ ಆದರು. ಹಳೆಯ ಆಟಗಳೆಲ್ಲ ಓಡಬೇಕು, ಆದರೆ ಒಳಗಿನ ಸಾಮಾನೆಲ್ಲ ಇವತ್ತಿನದಾಗಿರಬೇಕು. ಎರಡೂವರೆ ವರ್ಷ ಕೂತು ಒಂದು ಮಾದರಿ ತಯಾರಿಸಿದ್ದರು. ಇವತ್ತು ಟಿವಿಗೆ ಸಿಕ್ಕಿಸಿ ನೋಡುತ್ತಿದ್ದದ್ದು ಅದನ್ನೇ. ಬ್ರೆಜಿಲ್‌ನ ಮೂಲೆಮೂಲೆಯಿಂದ ಇನ್ನೂರು ಜನ ‘ನನಗೊಂದು ಬೇಕು’ ಎಂದು ವಾಲ್ದೆಸಿ ಅಂಕಲ್ ಹತ್ತಿರ ಹೆಸರು ಬರೆಸಿ ಕಾಯುತ್ತಿದ್ದರು.

“ಸೋಮವಾರ ಬೆಳಿಗ್ಗೆ ಫೈಲ್ ಕಳಿಸ್ತೀನಿ,” ಎಂದರು ಜುಲೈಡಿ ಆಂಟಿ. “ಸರ್ಕ್ಯೂಟ್ ಬೋರ್ಡ್ ಮಾಡೋರು ಇನ್ನೂರನ್ನೂ ಒಟ್ಟಿಗೆ ಮಾಡ್ತಾರೆ. ಆಮೇಲೆ ಒಂದು ಗೆರೆ ತಿದ್ದೋಕೂ ಆಗಲ್ಲ.” ಆಮೇಲೆ ತೈನಾಳ ಕಡೆ ತಿರುಗಿದರು. “ಬಾ ಮರಿ, ನೀನೂ ಒಂದು ಕೈ ನೋಡು. ಆವಾಗಿಂದ ಕಣ್ಣು ಮಿಟುಕಿಸದೆ ಕೂತಿದೀಯ.”

ತೈನಾ ತಾತನ ಕಡೆ ನೋಡಿದಳು.

ವಿಷಯ ಏನೆಂದರೆ, ಅವಳಿಗೆ ಆ ಆಟ ಚೆನ್ನಾಗಿ ಬರುತ್ತಿತ್ತು. ತುಂಬಾ ಚೆನ್ನಾಗಿ. ಅದು ಯಾರಿಗೂ ಗೊತ್ತಿರಲಿಲ್ಲ. ಗೊತ್ತಾಗಬಾರದಿತ್ತು.

ಹಳೆಯ ಸಾಬಿಯಾದ ಬಗ್ಗೆ ತಾತನ ಕಟ್ಟಪ್ಪಣೆ ಹೀಗಿತ್ತು: ಶನಿವಾರ ಮಾತ್ರ, ತಾತ ಇದ್ದಾಗ ಮಾತ್ರ, ಅರ್ಧ ಗಂಟೆ ಮಾತ್ರ. ಅದರ ಕರೆಂಟಿನ ಡಬ್ಬಿ ಬೇಗ ಬಿಸಿಯಾಗುತ್ತಿತ್ತು. “ಇದು ಹೋದ್ರೆ ಹೋಯ್ತು,” ಎನ್ನುತ್ತಿದ್ದರು ತಾತ. ಆಟ ಮುಗಿದ ಮೇಲೆ ಮಗುವಿಗೆ ಹೊದಿಸುವಂತೆ ಬಟ್ಟೆ ಹೊದಿಸುತ್ತಿದ್ದರು.

ಆದರೆ ತೈನಾಳ ಶಾಲೆ ಮಧ್ಯಾಹ್ನಕ್ಕೇ ಬಿಡುತ್ತಿತ್ತು. ಅಮ್ಮ ಬರುವತನಕ ಅವಳು ತಾತನ ಮನೆಯಲ್ಲಿರಬೇಕು. ಊಟ ಆದಮೇಲೆ ತಾತ ಒಂದೂವರೆ ಗಂಟೆ ಮಲಗುತ್ತಿದ್ದರು. ಜೂನ್‌ನಲ್ಲಿ ಒಂದು ದಿನ, ಬೇಜಾರಾಗಿ, ಟಿವಿ ಸೌಂಡ್ ಪೂರಾ ಇಳಿಸಿ, ತೈನಾ ಆ ಬಟ್ಟೆಯನ್ನು ಸರಿಸಿದಳು. ಒಂದೇ ಸಲ ಎಂದುಕೊಂಡಿದ್ದಳು. ಈಗ ಅಕ್ಟೋಬರ್.

ಈಗ ಅವಳು ಹೊಸ ಸಾಬಿಯಾ ಮುಂದೆ ಕೂತಳು. ಬೇಕೆಂದೇ ನೀಕಾಳನ್ನು ಜಾಗ್ವಾರಿನ ಬಾಯಿಗೆ ನಡೆಸಿದಳು. ಅದು ಅಷ್ಟು ಸುಲಭವಾಗಿರಲಿಲ್ಲ. ಬೆರಳು ತಾನಾಗಿ ತಪ್ಪಿಸಿಕೊಳ್ಳಲು ನೋಡುತ್ತಿತ್ತು.

“ಪರವಾಗಿಲ್ಲ, ನನಗಿಂತ ಹತ್ತು ಸೆಕೆಂಡ್ ಜಾಸ್ತಿ,” ಎಂದರು ವಾಲ್ದೆಸಿ ಅಂಕಲ್.

ದೊಡ್ಡವರೆಲ್ಲ ಕಾಫಿಗೆ ಹೊರಗೆ ಹೋದರು. ಅಂಗಳದ ಜಬುತಿಕಾಬ ಮರದ ಕಾಂಡಕ್ಕೆ ಕಪ್ಪು ಹಣ್ಣು ಮುತ್ತಿಕೊಂಡಿದ್ದವು. ಅದರ ಕೆಳಗೆ ಮೇಜು ಹಾಕಿ ತಾತ ಮೆಕ್ಕೆಜೋಳದ ಕೇಕ್ ಕತ್ತರಿಸುತ್ತಿದ್ದರು.

ತೈನಾ ಒಳಗೇ ಉಳಿದಳು. ಹೊಸದರಲ್ಲಿ ಬಣ್ಣ ಎಷ್ಟು ಚೆಂದ. ಒಂದು ಚಿತ್ರವೂ ಮಿಣಮಿಣ ಅನ್ನುವುದಿಲ್ಲ. ನದಿ ಹೇಗೆ ಕಾಣಬಹುದು? ಒಂದು ಸಲ ನೋಡಿಬಿಡೋಣ ಎನಿಸಿತು.

ಮೊದಲ ಹಂತ ಹುಲ್ಲುಗಾವಲು. ಎರಡನೆಯದು ಕಬ್ಬಿನ ಗದ್ದೆ. ಅಲ್ಲಿ ಜಾಗ್ವಾರ್ ಬೆನ್ನು ತಿರುಗಿಸುವವರೆಗೂ ಅಲ್ಲಾಡಬಾರದು. ಇದು ಗೊತ್ತಾಗಲು ಅವಳಿಗೆ ಮೂರು ವಾರ ಹಿಡಿದಿತ್ತು. ಅದನ್ನು ದಾಟಿದರೆ ನದಿ. ನದಿಯಲ್ಲಿ ಕೆಳಗಿನ ಕೀ ಒತ್ತಿದರೆ ನೀಕಾ ಮುಳುಗುತ್ತಾಳೆ. ಮೊದಲು ಕಾಲು, ಆಮೇಲೆ ಹೊಟ್ಟೆ, ಕೊನೆಗೆ ಕಿವಿ ಮತ್ತು ಮೂಗು ಮಾತ್ರ. ದಡದ ಜಾಗ್ವಾರಿಗೆ ಆಗ ಅವಳು ಕಾಣಿಸುವುದಿಲ್ಲ. ತೈನಾಳಿಗೆ ಇಡೀ ಆಟದಲ್ಲಿ ಅದೇ ಬಹಳ ಇಷ್ಟ.

ನದಿ ಬಂತು. ಕೆಳಗಿನ ಕೀ ಒತ್ತಿದಳು.

ನೀಕಾ ಮುಳುಗಲಿಲ್ಲ.

ಮತ್ತೆ ಒತ್ತಿದಳು. ನೀಕಾ ಸ್ವಲ್ಪ ಕೆಳಗೆ ಸರಿದಳು, ಆದರೆ ಕಾಲು, ಹೊಟ್ಟೆ, ಬೆನ್ನು ಎಲ್ಲ ಹಾಗೇ ಕಾಣುತ್ತಿತ್ತು. ನೀಲಿ ಚಾಪೆಯ ಮೇಲೆ ನಿಂತ ಗೊಂಬೆಯ ಹಾಗೆ. ಮುಳುಗಿದ್ದಾಳೋ ಇಲ್ಲವೋ ಗೊತ್ತಾಗದೆ ತೈನಾ ಕೀ ಬಿಟ್ಟಳು. ಜಾಗ್ವಾರ್ ಹಾರಿತು.

ತೈನಾ ಸ್ವಿಚ್ ಆರಿಸಿ ಹೊರಗೆ ಬಂದಳು.

“ಆಂಟಿ, ನದಿ ಟೆಸ್ಟ್ ಮಾಡಿದ್ರಾ?”

“ಯಾವ ನದಿ?”

“ಆಟದಲ್ಲಿ. ಹೆಸರೇ ನದಿ ಅಂತ ಇದ್ಯಲ್ಲ.”

ವಾಲ್ದೆಸಿ ಅಂಕಲ್ ಕೇಕ್ ನುಂಗಿ ಹೇಳಿದರು, “ನದಿ ಅನ್ನೋದು ಬರೀ ಹೆಸರಿಗೆ ಮರಿ. ಮೂವತ್ತಾರು ವರ್ಷದಲ್ಲಿ ಅಲ್ಲಿಗೆ ಹೋಗಿಬಂದೋರನ್ನ ನಾನು ಕಂಡಿಲ್ಲ.”

“ಹೊಸ ಮೇಷ್ಟ್ರು ಬಂದ್ರು ಜುಲೈಡಿ, ಇವಳ ಪರೀಕ್ಷೇಲಿ ನೀನು ಫೇಲ್,” ಎಂದು ತಾತ ತಮಾಷೆ ಮಾಡಿದರು. ಎಲ್ಲರೂ ನಕ್ಕರು.

‘ನಾನು ಹೋಗಿದ್ದೆ’ ಎಂದು ಒಂದು ಮಾತು ಹೇಳಿದರೆ ಮುಗಿಯುತ್ತಿತ್ತು. ಆದರೆ ಆ ಮಾತಿನ ಹಿಂದೆಯೇ ‘ಯಾವಾಗ ಹೋಗಿದ್ದೆ?’ ಎಂಬ ಪ್ರಶ್ನೆ ಬರುತ್ತದೆ. ತೈನಾ ಒಂದು ಜಬುತಿಕಾಬ ಕಿತ್ತು ಬಾಯಿಗೆ ಹಾಕಿಕೊಂಡಳು. ಬೀಜ ಸಮೇತ ನುಂಗಿದಳು.

ಸಂಜೆ ಅಮ್ಮ ಬಂದು ಅವಳನ್ನು ಕರೆದುಕೊಂಡು ಹೋದರು. ತೈನಾ ಊಟದಲ್ಲಿ ಅನ್ನ, ಕಾಳು ಎಲ್ಲ ತಟ್ಟೆಯ ಅಂಚಿಗೆ ತಳ್ಳುತ್ತಾ ಕೂತಳು.

“ಹೊಟ್ಟೆ ನೋವಾ?” ಎಂದರು ಅಮ್ಮ. ನರ್ಸ್ ಆದದ್ದರಿಂದ ಅವರು ಕೇಳುತ್ತಿದ್ದ ಮೊದಲ ಪ್ರಶ್ನೆ ಯಾವಾಗಲೂ ಅದೇ.

“ಇಲ್ಲ.”

ಇನ್ನೂರು ಸಾಬಿಯಾಗಳು. ಇನ್ನೂರು ಮನೆಗಳಲ್ಲಿ ನೀಕಾ ನೀರಿನ ಮೇಲೆ ಬೆಪ್ಪಾಗಿ ನಿಂತಿರುತ್ತಾಳೆ. ಯಾರಿಗೂ ಗೊತ್ತೇ ಆಗುವುದಿಲ್ಲ, ಯಾಕೆಂದರೆ ಯಾರೂ ಅಲ್ಲಿಗೆ ಹೋಗುವುದಿಲ್ಲ. ಹಾಗಾದರೆ ಸುಮ್ಮನಿದ್ದರೆ ಏನಾಯಿತು? ತೈನಾ ಹೀಗೆ ತನಗೇ ಸಮಾಧಾನ ಹೇಳಿಕೊಂಡಳು. ಸಮಾಧಾನ ಆಗಲಿಲ್ಲ. ನನ್ನ ಹಾಗೆ ಇನ್ನೊಬ್ಬಳು ಎಲ್ಲೋ ಇದ್ದರೆ? ಮೂರು ವಾರ ಕಬ್ಬಿನ ಗದ್ದೆಯಲ್ಲಿ ಸತ್ತು ಸತ್ತು, ಕೊನೆಗೆ ನದಿಗೆ ಬಂದರೆ?

ಮರುದಿನ ಭಾನುವಾರ. ತಾತನ ಮನೆಯಲ್ಲಿ ಎಲ್ಲರಿಗೂ ಊಟ. ಅಮ್ಮ ಟೊಮೆಟೊ ಸಾಸಿನಲ್ಲಿ ಶಾವಿಗೆ ಕಲಸುತ್ತಿದ್ದರು. ತಾತ ಹುರಿದ ಕೋಳಿಯ ಕಾಲನ್ನು ಮುರಿದು, ಎಂದಿನಂತೆ, ತೈನಾಳ ತಟ್ಟೆಗೆ ಹಾಕಿದರು.

“ತಾತ, ನದಿ ಇದೆ,” ಎಂದಳು ತೈನಾ.

“ಹ್ಞಾಂ?”

“ಆಟದಲ್ಲಿ. ನಾನು ನೋಡಿದೀನಿ. ಹೊಸದರಲ್ಲಿ ಅದು ತಪ್ಪಾಗಿ ಬರ್ತಿದೆ. ನೀಕಾ ಮುಳುಗ್ತಾ ಇಲ್ಲ.”

ತಾತನ ಕೈಯಲ್ಲಿ ಇನ್ನೊಂದು ಕೋಳಿಕಾಲು ಹಾಗೇ ಇತ್ತು. “ತಪ್ಪಾಗಿ ಬರ್ತಿದೆ ಅಂತ ನಿಂಗೆ ಹೆಂಗೆ ಗೊತ್ತು? ಸರಿಯಾಗಿ ಬಂದದ್ದು ಎಲ್ಲಿ ನೋಡಿದೆ?”

“ಹಳೇದರಲ್ಲಿ.”

“ಶನಿವಾರ ನೀನು ಒಂದನೇ ಹಂತಾನೇ ದಾಟಿಲ್ಲ.”

“ಶನಿವಾರ ಅಲ್ಲ ತಾತ.” ತೈನಾ ತಟ್ಟೆ ನೋಡುತ್ತಾ ಹೇಳಿದಳು. “ನೀನು ಮಲಗಿದ್ದಾಗ.”

ಅಮ್ಮ ಸೌಟು ಕೆಳಗಿಟ್ಟರು. “ಎಷ್ಟು ದಿನದಿಂದ?”

“ಜೂನ್‌ನಿಂದ.”

ತಾತ ಬೈಯಲಿಲ್ಲ. ಕೋಳಿಕಾಲನ್ನು ಪಾತ್ರೆಗೇ ವಾಪಸ್ ಇಟ್ಟು, ಕೈ ಒರೆಸಿಕೊಂಡು ಎದ್ದುಹೋದರು. ಅಂಗಳದಲ್ಲಿ ನಲ್ಲಿ ತಿರುಗಿಸಿದ ಸದ್ದು ಕೇಳಿಸಿತು. ಬೆಳಿಗ್ಗೆಯೇ ನೀರು ಹಾಕಿದ್ದ ಕುಂಡಗಳಿಗೆ ಮತ್ತೆ ನೀರು ಹಾಕುತ್ತಿದ್ದರು.

“ಆ ಕಂಪ್ಯೂಟರ್ ತಂದದ್ದು ನನಗೆ ಅಂತ, ಗೊತ್ತಾ?” ಎಂದರು ಅಮ್ಮ ಮೆಲ್ಲಗೆ. “ಐದು ವರ್ಷದ ಹುಟ್ಟುಹಬ್ಬಕ್ಕೆ. ಒಂದು ಬೆರಳು ಇಡೋಕೆ ಬಿಡಲಿಲ್ಲ ನಿಮ್ಮ ತಾತ. ಹಾಳಾಗತ್ತೆ, ಹಾಳಾಗತ್ತೆ ಅಂತ.” ಅವರ ಮುಖದಲ್ಲಿ ಸಿಟ್ಟಿತ್ತೋ ನಗುವಿತ್ತೋ ತೈನಾಳಿಗೆ ತಿಳಿಯಲಿಲ್ಲ. “ಆದ್ರೂ ನೀನು ಮಾಡಿದ್ದು ಕದ್ದುಮುಚ್ಚಿ ಕಣೇ. ಹೋಗಿ ಕ್ಷಮಿಸು ಅನ್ನು.”

ಹೋಗುವಷ್ಟರಲ್ಲಿ ತಾತನೇ ಬಂದರು. ಪ್ಯಾಂಟಿನ ಅಂಚು ಒದ್ದೆಯಾಗಿತ್ತು.

“ತೋರಿಸು,” ಎಂದರು.

ಹಿತ್ತಿಲ ಕೋಣೆಯಲ್ಲಿ ತಾತ ಬಟ್ಟೆ ತೆಗೆದರು, ಕ್ಯಾಸೆಟ್ ಹಾಕಿದರು. ಹಳೆಯದರಲ್ಲಿ ಆಟ ಕ್ಯಾಸೆಟ್ಟಿನಿಂದ ಬರಬೇಕು. ಐದು ನಿಮಿಷ ಹಿಡಿಯುತ್ತದೆ. ತೈನಾ ಮೆಲ್ಲಗೆ “ಸಾರಿ ತಾತ” ಎಂದಳು. ತಾತ “ಹ್ಞೂಂ” ಎಂದರು, ಅಷ್ಟೇ. ಒಂದು ಕೈಯನ್ನು ಕರೆಂಟಿನ ಡಬ್ಬಿಯ ಮೇಲಿಟ್ಟು, ಜ್ವರ ನೋಡುವವರ ಹಾಗೆ ನಿಂತಿದ್ದರು.

ಆಟ ಶುರುವಾಯಿತು. ಬೆರಳು ಬೆವೆತಿದ್ದವು. ಕಬ್ಬಿನ ಗದ್ದೆಯಲ್ಲಿ ಆತುರಪಟ್ಟಳು. ಜಾಗ್ವಾರ್ ತಿಂದಿತು.

“ಬಿಸಿಯಾಗ್ತಿದೆ,” ಎಂದರು ತಾತ.

“ಇನ್ನೊಂದೇ ಸಲ.”

ಅವಳು ಕೈಯನ್ನು ಫ್ರಾಕಿಗೆ ಒರೆಸಿಕೊಂಡಳು. ಹುಲ್ಲುಗಾವಲು ಮುಗಿಯಿತು. ಕಬ್ಬಿನ ಗದ್ದೆಯಲ್ಲಿ ಉಸಿರು ಬಿಗಿಹಿಡಿದು ಕಾದಳು. ಜಾಗ್ವಾರ್ ಬೆನ್ನು ತಿರುಗಿಸಿತು. ಓಡಿದಳು.

ನದಿ ಬಂತು. ಬಣ್ಣ ಮಾಸಿದ ನದಿ, ಅಂಚಿನಲ್ಲಿ ಸ್ವಲ್ಪ ಮಿಣಮಿಣ. ನೀಕಾ ದಡದಿಂದ ಇಳಿದಳು. ಕಾಲು ಮುಳುಗಿತು. ಹೊಟ್ಟೆ ಮುಳುಗಿತು. ಆಮೇಲೆ ಎರಡು ಕಿವಿ, ಒಂದು ಮೂಗು, ಸುತ್ತ ನೀರು. ದಡದಲ್ಲಿ ಜಾಗ್ವಾರ್ ಅತ್ತಿತ್ತ ನೋಡಿ ಮುಂದೆ ಹೋಯಿತು.

ತಾತ ಬಗ್ಗಿ ಪರದೆಯ ಹತ್ತಿರ ಮುಖ ತಂದರು. “ಇನ್ನೊಂದ್ಸಲ ಮುಳುಗಿಸು,” ಎಂದರು.

ಮುಳುಗಿಸಿದಳು.

ತಾತ ಫೋನ್ ತೆಗೆದು ಜುಲೈಡಿ ಆಂಟಿಗೆ ಕರೆ ಮಾಡಿದರು. ಆ ಕಡೆಯ ದನಿ ತೈನಾಳಿಗೂ ಕೇಳಿಸುತ್ತಿತ್ತು. “ನಾಳೆ ಕಳಿಸ್ಬೇಕು ಅನ್ಸೆಲ್ಮೊ, ಈಗ ಹೊಸ ರಗಳೆ ತೆಗೀಬೇಡಿ. ಆ ಆಟ ಟೆಸ್ಟ್ ಆಗಿದೆ.”

“ಆಗಿಲ್ಲ. ಬಾಗಿಲವರೆಗೆ ಹೋಗಿ ವಾಪಸ್ ಬಂದಿದೀವಿ. ನೀನು ಬಾ, ಆಮೇಲೆ ಬೈಯ್ಯಿ.”

ಅರ್ಧ ಗಂಟೆಯಲ್ಲಿ ಜುಲೈಡಿ ಆಂಟಿ ಬಂದರು. ತಲೆಗೂದಲು ಒದ್ದೆ, ಕಂಕುಳಲ್ಲಿ ಶೂ ಡಬ್ಬ, ಅದರೊಳಗೆ ಹೊಸ ಸಾಬಿಯಾ. ಮುಖ ಗಂಟಿಕ್ಕಿತ್ತು. ತೈನಾ ಹೊಸದರಲ್ಲಿ ನದಿಯವರೆಗೆ ಆಡಿ ತೋರಿಸಿದಳು. ಅಷ್ಟು ಹೊತ್ತಿಗೆ ಹಳೆಯದು ತಣ್ಣಗಾಗಿತ್ತು, ಅದರಲ್ಲೂ ತೋರಿಸಿದಳು.

ಜುಲೈಡಿ ಆಂಟಿ ಸ್ಟೂಲಿನ ಮೇಲೆ ಕೂತುಬಿಟ್ಟರು. ಆಮೇಲೆ ಹೊಸದರಲ್ಲಿ ಆಟದ ಪ್ರೋಗ್ರಾಂ ತೆರೆದು, ನದಿಯ ಸಾಲುಗಳ ಮೇಲೆ ಬೆರಳಿಟ್ಟು ಎಣಿಸುತ್ತಾ ಹೋದರು. “ಒಂದು, ಎರಡು, ಮೂರು, ನಾಲ್ಕು… ಅಯ್ಯೋ. ಯಾರಪ್ಪಾ ಈ ಪುಣ್ಯಾತ್ಮ?”

“ಏನು?” ಎಂದರು ತಾತ.

“ತೈನಾ, ಇಲ್ಲಿ ನೋಡು. ಹಳೇ ಸಾಬಿಯಾಗೆ ಒಂದು ಐಬು ಇತ್ತು. ಓಡಾಡೋ ಗೊಂಬೆಗಳು ಒಂದೇ ಸಾಲಲ್ಲಿ ನಾಲ್ಕೇ ಇರಬಹುದು. ನಾಲ್ಕು ಜನ ಕೂರೋ ಬೆಂಚು ಅಂದ್ಕೋ. ಐದನೆಯವನು ಬಂದರೆ ಜಾಗ ಇಲ್ಲ, ಅವನು ಕಾಣೋದೇ ಇಲ್ಲ. ಅದಕ್ಕೇ ಹಳೇ ಆಟಗಳಲ್ಲಿ ಚಿತ್ರ ಮಿಣಮಿಣ ಅಂತಿತ್ತು. ಹೊಸದರಲ್ಲಿ ನಾನು ಬೆಂಚು ಉದ್ದ ಮಾಡಿದೆ. ಎಷ್ಟು ಜನ ಬಂದ್ರೂ ಜಾಗ.”

“ಒಳ್ಳೇದಲ್ವಾ ಅದು?”

“ನಾನೂ ಹಂಗೇ ಅಂದ್ಕೊಂಡು ಬೀಗ್ತಾ ಇದ್ದೆ. ಆದ್ರೆ ಈ ಆಟ ಬರೆದೋರು ಏನು ಮಾಡಿದಾರೆ ನೋಡು. ನೀರಿರೋ ಸಾಲಲ್ಲಿ ಬಣ್ಣಾನೇ ಇಲ್ಲದ ನಾಲ್ಕು ಗೊಂಬೆ ಕೂರಿಸಿದಾರೆ. ಕಣ್ಣಿಗೆ ಕಾಣಲ್ಲ, ಆದ್ರೆ ಬೆಂಚು ತುಂಬಿಹೋಯ್ತು. ನೀಕಾ ಐದನೆಯವಳು. ಅವಳ ಮೈ ಎಷ್ಟು ಆ ಸಾಲಿಗೆ ಇಳಿಯತ್ತೋ ಅಷ್ಟು ಮಾಯ. ನಮಗೆ ಮುಳುಗಿದ ಹಾಗೆ.”

ತೈನಾ ಪರದೆಯನ್ನೇ ನೋಡಿದಳು. ಇಷ್ಟು ದಿನ ಅಲ್ಲಿ ನಾಲ್ಕು ಗೊಂಬೆಗಳು ಸುಮ್ಮನೆ ಕೂತಿದ್ದವು. ಅವಳಿಗೆ ಗೊತ್ತೇ ಇರಲಿಲ್ಲ.

“ಕಾರ್ಖಾನೇಲಿ ನಮಗೆ ಜನ ಕಾಗದ ಬರೀತಿದ್ರು,” ಎಂದರು ಜುಲೈಡಿ ಆಂಟಿ. “ಮಿಣಮಿಣ ಅನ್ನತ್ತೆ, ಸರಿಮಾಡಿ ಅಂತ. ನಾನು ಎರಡೂವರೆ ವರ್ಷ ಕೂತು ಅದನ್ನೇ ಸರಿಮಾಡಿದೆ.” ಕನ್ನಡಕ ತೆಗೆದು ಅಂಗಿಯ ತುದಿಯಲ್ಲಿ ಒರೆಸಿದರು. ಅವರ ಮುಖ ನೋಡಿ ತೈನಾಳಿಗೆ ಹೇಳಬಾರದಿತ್ತೇನೋ ಎನಿಸಿತು.

ಆದರೆ ಕನ್ನಡಕ ಹಾಕಿಕೊಂಡು ಆಂಟಿ ಕೇಳಿದ್ದು ಬೇರೆ. “ಒಟ್ಟು ಎಷ್ಟು ಆಟದ ಕೊನೆ ಮುಟ್ಟಿದೀಯ ನೀನು?”

ತೈನಾ ತಾತನ ಕಡೆ ನೋಡಿದಳು. “ಆರು,” ಎಂದಳು ಸಣ್ಣ ದನಿಯಲ್ಲಿ.

ತಾತ ಛಾವಣಿ ನೋಡಿದರು.

“ಆರು,” ಎಂದು ಆಂಟಿ ಪಟ್ಟಿ ಬಿಡಿಸಿದರು. “ಉಳಿದದ್ದು ಮೂವತ್ತೈದು. ಅವನ್ನೂ ಯಾರಾದ್ರೂ ಕೊನೇವರೆಗೆ ಆಡಿ ನೋಡ್ಬೇಕು. ಹಿಂದುಗಡೆ ಒಂದು ಸ್ವಿಚ್ ಇಡ್ತೀನಿ. ಬೇಕಾದೋರು ಉದ್ದ ಬೆಂಚು ಇಟ್ಕೊಳ್ಳಲಿ, ಬೇಡದೋರು ಹಳೇದು. ನಾಳೆ ಫೈಲ್ ಹೋಗಲ್ಲ.”

ಸುದ್ದಿ ಕೇಳಿ ವಾಲ್ದೆಸಿ ಅಂಕಲ್ ಬಸ್ ನಿಲ್ದಾಣದಿಂದಲೇ ವಾಯ್ಸ್ ಮೆಸೇಜ್ ಕಳಿಸಿದರು. ಹಿಂದೆ ಹಾರ್ನ್ ಸದ್ದು. “ಇನ್ನೂರು ಜನ ನನ್ನ ಜೀವ ತಿಂತಾರೆ ಜುಲೈಡಿ. ಯಾಕೆ ಲೇಟು ಅಂದ್ರೆ ಏನು ಹೇಳ್ಲಿ?”

“ಕ್ಯಾಪಿಬಾರಾಗೆ ಈಜು ಕಲಿಸ್ತಾ ಇದೀವಿ ಅನ್ನು,” ಎಂದು ಆಂಟಿ ಉತ್ತರ ಕಳಿಸಿದರು. ಆಮೇಲೆ ಅಡುಗೆಮನೆಗೆ ಹೋಗಿ, ನಿಂತುಕೊಂಡೇ ಒಂದು ತಟ್ಟೆ ಶಾವಿಗೆ ತಿಂದು, ಹೊಸ ಸಾಬಿಯಾವನ್ನು ತಾತನ ಬಳಿಯೇ ಬಿಟ್ಟು ಹೊರಟರು. ತೈನಾ ಆಡಿ ನೋಡುವುದಕ್ಕೆ.

ಕೋಣೆಯಲ್ಲಿ ತಾತ, ತೈನಾ ಇಬ್ಬರೇ ಉಳಿದರು. ತಾತ ಹಳೆಯದರ ಪ್ಲಗ್ ಕಿತ್ತು, ವೈರನ್ನು ನಿಧಾನವಾಗಿ ಸುತ್ತಿದರು.

“ತಾತ, ಸಿಟ್ಟು ಬಂದಿದೆಯಾ?”

“ಬಂದಿತ್ತು.” ವೈರಿಗೆ ಗಂಟು ಹಾಕಿದರು. “ಡಬ್ಬಿ ಸುಟ್ಟುಹೋಗಿದ್ರೆ ಅಂತ.”

“ಈಗ?”

ತಾತ ಬಟ್ಟೆ ಕೈಯಲ್ಲಿ ಹಿಡಿದು ನಿಂತರು. “ರೈಲ್ವೆಲಿ ಇದ್ದಾಗ ಮೂರು ತಿಂಗಳ ಓವರ್‌ಟೈಮ್ ಮಾಡಿ ಇದನ್ನ ತಂದೆ. ಮೂವತ್ತಾರು ವರ್ಷ ಜೋಪಾನ ಮಾಡಿದೆ. ಅದರೊಳಗೆ ಒಂದು ನದಿ ಇದೆ ಅಂತ ಇವತ್ತು ಗೊತ್ತಾಯ್ತು ನೋಡು. ನೀನು ಒಬ್ಬಳೇ ಹೋಗಿ ಹೋಗಿ ಬರ್ತಿದ್ದೆ. ನಾನು ಪಕ್ಕದ ಕೋಣೇಲಿ ಗೊರಕೆ ಹೊಡೀತಿದ್ದೆ.”

ಬೈದಿದ್ದರೆ ತೈನಾ ಅಳಬಹುದಿತ್ತು. ತಾತ ಬೈದಿರಲಿಲ್ಲ.

ಅವಳು ಹೊಸ ಸಾಬಿಯಾದ ಸ್ವಿಚ್ ಹಾಕಿ, ತನ್ನ ಸ್ಟೂಲು ಬಿಟ್ಟು ಎದ್ದಳು. ಇದರಲ್ಲಿ ನೀಕಾ ಇನ್ನೂ ಮುಳುಗುವುದಿಲ್ಲ, ಆದರೆ ಇದು ಬಿಸಿಯಾಗುವುದೂ ಇಲ್ಲ. “ಕೂತ್ಕೋ ತಾತ.”

“ನನಗೆ ಬರಲ್ಲ ಕಣೇ.”

“ಕೂತ್ಕೋ.”

ತಾತ ಕೂತರು. ದಪ್ಪ ಬೆರಳುಗಳನ್ನು ಕೀಗಳ ಮೇಲೆ ಇಟ್ಟರು, ಬಿಸಿ ತಟ್ಟೆ ಮುಟ್ಟುವ ಹಾಗೆ. ಹುಲ್ಲುಗಾವಲಿನಲ್ಲಿ ಸತ್ತರು. ಮತ್ತೆ ಸತ್ತರು. ನಾಲ್ಕನೇ ಸಲಕ್ಕೆ ಕಬ್ಬಿನ ಗದ್ದೆ ಬಂತು. ತಾತನ ಕಿವಿ ಕೆಂಪಗಾಗಿತ್ತು.

“ಈಗ ಏನು ಮಾಡ್ಲಿ? ಓಡ್ಲಾ?”

ತೈನಾಳ ಕೈ ಕೀಬೋರ್ಡಿನ ಕಡೆ ಹಾರಿತು. ಎರಡು ಸೆಕೆಂಡಿನಲ್ಲಿ ಅವಳು ದಾಟಿಸಿಬಿಡುತ್ತಿದ್ದಳು. ಆದರೆ ಹಾಗೆ ದಾಟಿಸಿದರೆ ಅದು ತಾತನ ನದಿ ಆಗುವುದಿಲ್ಲ ಎಂದು, ಯಾರೂ ಹೇಳದೆಯೇ, ಅವಳಿಗೆ ಅನ್ನಿಸಿತು. ಕೈಯನ್ನು ಹಿಂದಕ್ಕೆ ತೆಗೆದು ಬೆನ್ನ ಹಿಂದೆ ಕಟ್ಟಿಕೊಂಡಳು.

“ಓಡಬೇಡ ತಾತ. ಅದು ಬೆನ್ನು ತಿರುಗಿಸೋವರೆಗೂ ಕಾಯಿ.”

“ಎಷ್ಟು ಹೊತ್ತು?”

“ಸುಮಾರು ಹೊತ್ತು.”

ತಾತ ಕಾದರು. ತೈನಾ ಪಕ್ಕದಲ್ಲಿ ನಿಂತು, ಅವರ ಜೊತೆಗೆ ಕಾದಳು.